ರಾತ್ರಿ ಪಾಳಿಯವರಿಗೆ ಹಗಲಿನ ಪ್ಲಾನು: ಬಾರ್ಡರ್ ಶುಗರ್‌ನ ಒಂದು ಪ್ರಕರಣ

ವಯಸ್ಸು ನಲವತ್ತು ದಾಟಿದೆ. ಕೆಲಸ ಒಂದು ಕಂಟ್ರೋಲ್ ರೂಮಿನಲ್ಲಿ, ಸಾಲು ಪರದೆಗಳ ಮುಂದೆ. ಹೆಚ್ಚುಕಡಿಮೆ ಯಾವಾಗಲೂ ರಾತ್ರಿ ಪಾಳಿ. ತಂದೆ ತಾಯಿ ಇಬ್ಬರಿಗೂ ಸಕ್ಕರೆ ಕಾಯಿಲೆ. ಮೂರು ತಿಂಗಳ ಸರಾಸರಿ ಶುಗರ್, ಅಂದರೆ ಎಚ್‌ಬಿಎ1ಸಿ, 6.2 ಬಂದಿತ್ತು. ಈ ಲೆಕ್ಕದಲ್ಲಿ 5.7ರಿಂದ 6.4ರವರೆಗೆ ಬಾರ್ಡರ್, 6.5 ಮುಟ್ಟಿದರೆ ಕಾಯಿಲೆ. ತೂಕ ಇರಬೇಕಾದ್ದಕ್ಕಿಂತ ಜಾಸ್ತಿ. ಬೇರೆ ತೊಂದರೆ ಏನೂ ಇಲ್ಲ, ಔಷಧಿಯೂ ಇಲ್ಲ. ಗುರುತು ಸಿಗಬಾರದು ಅಂತ ಹೆಸರು, ಊರು, ಗಂಡೋ ಹೆಣ್ಣೋ ಅನ್ನೋದನ್ನೂ ಬಿಟ್ಟಿದ್ದೇನೆ, ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಸುಮ್ನೆ 'ಅವರು' ಅಂತ ಓದಿಕೊಳ್ಳಿ.

ಅವರು ಸೇರಿದ್ದು ನಾನು ಕೆಲಸ ಮಾಡುವ ಒಂದು ಸಣ್ಣ ಅಧ್ಯಯನಕ್ಕೆ. ಎಲ್ಲರಿಗೂ ಒಂದೇ ಕರಪತ್ರ ಹಂಚುವ ಬದಲು ಒಬ್ಬೊಬ್ಬರ ಬದುಕು ನೋಡಿಕೊಂಡು ಊಟ, ನಡಿಗೆ, ನಿದ್ದೆಯ ಅಭ್ಯಾಸ ಬದಲಿಸಲು ನೆರವಾದರೆ ದೀರ್ಘಕಾಲದ ಕಾಯಿಲೆಗಳನ್ನು ಎಷ್ಟರಮಟ್ಟಿಗೆ ತಡೆಯಬಹುದು ಅನ್ನೋದು ಪ್ರಶ್ನೆ. ಪ್ರತಿಯೊಬ್ಬರಿಗೂ ಒಬ್ಬ ಕೋಚ್. ಮೇಲೆ ಒಬ್ಬ ವೈದ್ಯರು, ಒಬ್ಬ ಆಹಾರತಜ್ಞೆ, ಲೆಕ್ಕ ನೋಡುವವರೊಬ್ಬರು.

ಹಿನ್ನೆಲೆ

ಅಭ್ಯಾಸ ಬದಲಿಸಿದರೆ ಸಕ್ಕರೆ ಕಾಯಿಲೆ ತಡೆಯಬಹುದು ಅನ್ನೋದಕ್ಕೆ ಸಾಕ್ಷಿ ಏನೂ ಕಡಿಮೆ ಇಲ್ಲ. ಫಿನ್‌ಲೆಂಡ್‌ನಲ್ಲಿ 522 ಜನರ ಮೇಲೆ ನಡೆದ ಅಧ್ಯಯನ 2001ರಲ್ಲಿ ಹೊರಬಂತು. ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ, ಎಲ್ಲರೂ ಡಿಪಿಪಿ ಅನ್ನೋದು, 3,234 ಜನರನ್ನು ಇಟ್ಟುಕೊಂಡು 2002ರಲ್ಲಿ ಫಲಿತಾಂಶ ಕೊಟ್ಟಿತು. ಎರಡರಲ್ಲೂ ಊಟ ಮತ್ತು ವ್ಯಾಯಾಮ ಬದಲಿಸಿದ ಗುಂಪಿನಲ್ಲಿ ಕಾಯಿಲೆಗೆ ತಿರುಗುವ ಸಾಧ್ಯತೆ 58% ಕಡಿಮೆಯಾಗಿತ್ತು. ಡಿಪಿಪಿಯಲ್ಲಿ ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ ಅದು 31%. ಭಾರತದಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಭ್ಯಾಸ ಬದಲಿಸಿದ ಗುಂಪಿನ ಲಾಭ ಸುಮಾರು 28%. ಅಂಕಿ ಕಡಿಮೆ, ದಿಕ್ಕು ಒಂದೇ.

ಆದರೆ ಇದೆಲ್ಲ ಗುಂಪಿನ ಲೆಕ್ಕ. ಡಿಪಿಪಿಯ ಗುರಿ ಎರಡು: ತೂಕದಲ್ಲಿ 7% ಇಳಿಕೆ, ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ. ತಮ್ಮದೇ ಕೋಚ್ ಜೊತೆ 16 ಪಾಠ, 24 ವಾರ, ಅಷ್ಟೊಂದು ಆರೈಕೆ ಸಿಕ್ಕ ಮೇಲೂ ಅಷ್ಟರೊಳಗೆ ತೂಕದ ಗುರಿ ಮುಟ್ಟಿದವರು ಅರ್ಧ ಜನ. ಅಧ್ಯಯನದ ಕೊನೆಯ ಭೇಟಿ ಹೊತ್ತಿಗೆ 38%. ಉಳಿದವರ ಮನೆಯಲ್ಲಿ, ಕೆಲಸದಲ್ಲಿ, ನಿದ್ದೆಯಲ್ಲಿ ಏನಾಗುತ್ತಿತ್ತು ಅನ್ನೋದು ಸರಾಸರಿ ಅಂಕಿಯೊಳಗೆ ಕಾಣುವುದಿಲ್ಲ. ನಮ್ಮಂಥ ಅಧ್ಯಯನಗಳು ಹುಟ್ಟೋದೇ ಅಲ್ಲಿ.

ಮೊದಲ ಪ್ಲಾನು

ಸೇರುವಾಗ ಅವರು ಉದ್ದದ ಫಾರಂ ತುಂಬಿದ್ದರು. ಎತ್ತರ, ತೂಕ, ಮನೆತನದ ಕಾಯಿಲೆ, ಏನು ಇಷ್ಟ, ಏನು ಸೇರೋದಿಲ್ಲ, ಮೊಣಕಾಲು ನೋವಿದೆಯಾ, ಎಲ್ಲ. ಅದರಿಂದ ಒಂದು ಪ್ಲಾನು ಹೊರಟಿತು. ಬೆಳಿಗ್ಗೆ ಮೂವತ್ತು ನಿಮಿಷ ನಡಿಗೆ, ವಾರಕ್ಕೆ ಐದು ದಿನ. ತಿಂದದ್ದನ್ನೆಲ್ಲ ಆ್ಯಪ್‌ನಲ್ಲಿ ಬರೆಯುವುದು. ಬೆಳಿಗ್ಗೆ ಏಳಕ್ಕೆ ಹುರುಪು ತುಂಬುವ ಒಂದು ಮೆಸೇಜ್. ವಾರಕ್ಕೊಂದು ಫೋನ್. ಮೇಲೆ ಅವರ ಹೆಸರಿತ್ತು, ಅವರ ತೂಕಕ್ಕೆ ಲೆಕ್ಕ ಹಾಕಿದ ಕ್ಯಾಲೊರಿ ಇತ್ತು. ಕಾಗದದ ಮೇಲೆ ಪೂರ್ತಿ 'ವೈಯಕ್ತಿಕ'.

ಶುರುವಿನ ವಾರಗಳು ಚೆನ್ನಾಗಿಯೇ ಇದ್ದವು. ನಡಿಗೆ ತಪ್ಪಲಿಲ್ಲ, ಡೈರಿ ತುಂಬಿತ್ತು, ಫೋನಿನಲ್ಲಿ ಖುಷಿಯಿಂದ ಮಾತಾಡಿದರು. ಆಮೇಲೆ ಡೈರಿಯಲ್ಲಿ ತೂತುಗಳು ಕಾಣಿಸಿದವು. ಮೊದಲು ರಾತ್ರಿಯ ಭಾಗ ಖಾಲಿ, ಆಮೇಲೆ ಇಡೀ ದಿನವೇ ಖಾಲಿ. ಒಂದೂವರೆ ತಿಂಗಳ ಹೊತ್ತಿಗೆ ಡೈರಿ ನಿಂತೇಹೋಯಿತು. ಫೋನ್ ಎತ್ತುತ್ತಿದ್ದರು, ಆದರೆ ಮಾತು 'ಹೂಂ, ನಡೀತಿದೆ' ಅನ್ನೋ ಮಟ್ಟಕ್ಕೆ ಬಂತು. ಈ ಕೆಲಸದಲ್ಲಿ ಇರುವವರಿಗೆ ಆ 'ನಡೀತಿದೆ' ಚೆನ್ನಾಗಿ ಗೊತ್ತು. ತೂಕ ನೋಡಿದರೆ ಶುರುವಿನಲ್ಲಿ ಇಳಿದಿದ್ದ ಚೂರು ವಾಪಸ್ ಬಂದಿತ್ತು.

ಮೀಟಿಂಗ್‌ನಲ್ಲಿ ಮೂರು ಸಲಹೆ

ತೂಕ ಇಷ್ಟು ವಾರದೊಳಗೆ ಇಳಿಯದಿದ್ದರೆ ಪ್ಲಾನು ಮತ್ತೆ ತೆರೆದು ನೋಡಬೇಕು ಅಂತ ಅಧ್ಯಯನದ ನಿಯಮದಲ್ಲೇ ಇತ್ತು. ಇದು ಮುಖ್ಯ. ಯಾವಾಗ ಬದಲಿಸಬೇಕು ಅನ್ನೋದು ಮೊದಲೇ ಬರೆದಿಲ್ಲದಿದ್ದರೆ ಕೋಚ್‌ಗೆ ಬೇಜಾರಾದಾಗ ಬದಲಾಗುತ್ತದೆ, ಇಲ್ಲಾ ಬದಲಾಗುವುದೇ ಇಲ್ಲ. ಇಂಥ ನಿಯಮಗಳನ್ನೇ ಪರೀಕ್ಷೆಗೆ ಹಚ್ಚುವ 'ಸ್ಮಾರ್ಟ್' ಅನ್ನೋ ಪ್ರಯೋಗ ವಿನ್ಯಾಸ ಇದೆ. ಮೊದಲ ಹಂತ ಫಲಿಸದವರನ್ನು ಅಲ್ಲಿ ಮತ್ತೊಮ್ಮೆ ಚೀಟಿ ಎತ್ತಿ ಬೇರೆ ಬೇರೆ ದಾರಿಗೆ ಹಚ್ಚುತ್ತಾರೆ. ನಮ್ಮದು ಅಷ್ಟು ದೊಡ್ಡದಲ್ಲ, ನಮ್ಮಲ್ಲಿ ಕೂತು ಮಾತಾಡಿ ತೀರ್ಮಾನ.

ಒಬ್ಬರು ಹೇಳಿದರು, ಮೆಸೇಜ್ ಜಾಸ್ತಿ ಮಾಡೋಣ. ಮೆಸೇಜ್‌ಗೆ ಶಕ್ತಿ ಇಲ್ಲ ಅಂತಲ್ಲ. ಭಾರತದಲ್ಲೇ 537 ಗಂಡಸರ ಮೇಲೆ ಮಾಡಿದ ಅಧ್ಯಯನವೊಂದು 2013ರಲ್ಲಿ ಬಂತು, ಮೊಬೈಲ್ ಮೆಸೇಜ್ ಹೋದ ಗುಂಪಿನಲ್ಲಿ ಕಾಯಿಲೆಗೆ ತಿರುಗುವ ಅಪಾಯ 36% ಕಡಿಮೆ ಇತ್ತು. ಆದರೆ ಅಲ್ಲಿ ಯಾವ ಹೊತ್ತಿಗೆ ಮೆಸೇಜ್ ಬೇಕು, ಎಷ್ಟು ಬೇಕು ಅನ್ನೋದನ್ನು ಅವರವರನ್ನೇ ಕೇಳಿಕೊಂಡಿದ್ದರು. ನಡೆಯಿರಿ ಅಂತ ಫೋನ್ ಸೂಚನೆ ಕಳಿಸಿ ನೋಡಿದ ಹಾರ್ಟ್‌ಸ್ಟೆಪ್ಸ್ ಪ್ರಯೋಗದಲ್ಲಿ ಶುರುವಿನಲ್ಲಿ ಹೆಜ್ಜೆಗಳು ಚೆನ್ನಾಗಿ ಏರಿದವು, ದಿನ ಕಳೆದಂತೆ ಪರಿಣಾಮ ಇಳಿಯಿತು. ಓದದ ಮೆಸೇಜ್ ಎರಡರಷ್ಟಾದರೆ ಓದದ ಮೆಸೇಜ್‌ಗಳು ಎರಡರಷ್ಟಾಗುತ್ತವೆ, ಅಷ್ಟೇ ಅಲ್ವಾ.

ಎರಡನೆಯವರ ಸಲಹೆ ಜೀನ್ ಪರೀಕ್ಷೆ. ಮನೆತನದಲ್ಲಿ ಕಾಯಿಲೆ ಇದೆ, ಅಪಾಯ ಕಣ್ಣಿಗೆ ಕಂಡರೆ ಎಚ್ಚೆತ್ತುಕೊಳ್ಳುತ್ತಾರೆ ಅನ್ನೋದು ವಾದ. ಕೇಳೋಕೆ ಸರಿ ಅನ್ನಿಸುತ್ತದೆ. 2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಮರ್ಶೆ 18 ಅಧ್ಯಯನಗಳನ್ನು ಕೂಡಿಸಿ ನೋಡಿತ್ತು. ಜೀನ್ ಆಧರಿಸಿದ ಅಪಾಯ ತಿಳಿಸಿದರೆ ಜನ ಅಭ್ಯಾಸ ಬದಲಿಸುತ್ತಾರೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಯುರೋಪಿನ 7 ದೇಶಗಳಲ್ಲಿ ನಡೆದ ಫುಡ್‌ಫಾರ್‌ಮಿ ಅನ್ನೋ ದೊಡ್ಡ ಪ್ರಯೋಗದಲ್ಲೂ ಅದೇ: ಎಲ್ಲರಿಗೂ ಒಂದೇ ಸಲಹೆಗಿಂತ ಅವರವರ ಊಟ ನೋಡಿ ಕೊಟ್ಟ ಸಲಹೆ ಚೆನ್ನಾಗಿ ಕೆಲಸ ಮಾಡಿತು, ಅದರ ಮೇಲೆ ಜೀನ್ ಮಾಹಿತಿ ಸೇರಿಸಿದ್ದರಿಂದ ಹೆಚ್ಚಿನ ಲಾಭ ಏನೂ ಆಗಲಿಲ್ಲ. ಇನ್ನೊಂದು ವಿಷಯ, ಇವರ ಅಪ್ಪ ಅಮ್ಮ ಇಬ್ಬರಿಗೂ ಕಾಯಿಲೆ. ಹೆದರಿಕೆ ಮನೆಯಲ್ಲೇ ಇದೆ. ಅದಕ್ಕೆ ಜೀನ್ ರಿಪೋರ್ಟ್ ಯಾಕೆ ಬೇಕು?

ಮೂರನೆಯದು ಮೆಟ್‌ಫಾರ್ಮಿನ್. ಇದನ್ನು ಯಾರೂ ತಳ್ಳಿಹಾಕಲಿಲ್ಲ. ಡಿಪಿಪಿಯಲ್ಲಿ ಈ ಮಾತ್ರೆ ಚಿಕ್ಕ ವಯಸ್ಸಿನವರಿಗೆ, ತುಂಬಾ ತೂಕ ಇದ್ದವರಿಗೆ ಹೆಚ್ಚು ಉಪಯೋಗಕ್ಕೆ ಬಂದಿತ್ತು. ವೈದ್ಯರು ಅವರ ಜೊತೆ ಮಾತಾಡಿ, ಮುಂದಿನ ಪರೀಕ್ಷೆಯಲ್ಲಿ ಅಂಕಿ ಮೇಲಕ್ಕೆ ಹೋದರೆ ಮಾತ್ರೆ ಶುರು ಮಾಡುವುದು ಅಂತ ಬರೆದಿಟ್ಟರು.

ತೀರ್ಮಾನ ಆಗಿದ್ದು ಈ ಮೂರಕ್ಕಿಂತ ಬೇರೆ. ಎರಡು ವಾರ ಎಲ್ಲ ನಿಲ್ಲಿಸೋದು. ಡೈರಿ ಬೇಡ, ಗುರಿ ಬೇಡ, ಮೆಸೇಜ್ ಬೇಡ. ನಡಿಗೆ, ನಿದ್ದೆ ಅಳೆಯುವ ಕೈಪಟ್ಟಿ ಮಾತ್ರ ಇರಲಿ. ಒಂದು ಉದ್ದದ ಮಾತುಕತೆ ಆಗಲಿ. ಲೆಕ್ಕ ನೋಡುವವರಿಗೆ ಇದು ಹಿಡಿಸಲಿಲ್ಲ, ಎರಡು ವಾರದ ಊಟದ ಮಾಹಿತಿ ಹೋಗುತ್ತದೆ ಅಂತ ಅವರ ತಕರಾರು. ಡೈರಿ ಆಗಲೇ ಖಾಲಿ ಇತ್ತಲ್ಲ, ಹೋಗೋದೇನು ಅಂತ ಆಹಾರತಜ್ಞೆ ಕೇಳಿದರು.

ಆ ಮಾತುಕತೆ

'ಯಾಕೆ ಬರೆಯಲಿಲ್ಲ' ಅಂತ ಕೇಳಿದರೆ ಸಿಗೋದು ನೆಪ ಅಥವಾ ಕ್ಷಮೆ. ಎರಡರಿಂದಲೂ ಪ್ಲಾನು ಮುಂದೆ ಹೋಗೋದಿಲ್ಲ. ಅದಕ್ಕೇ ಪ್ರಶ್ನೆ ಹೀಗಿತ್ತು: 'ನಿನ್ನೆ ಪಾಳಿ ಶುರುವಾದಲ್ಲಿಂದ ಇವತ್ತು ಎದ್ದವರೆಗೆ ಏನೇನಾಯ್ತು, ಒಂದೊಂದೇ ಹೇಳ್ತಾ ಹೋಗಿ.'

ಅವರು ಹೇಳಿದರು. ರಾತ್ರಿ ಹತ್ತಕ್ಕೆ ಕೂತರೆ ಒಂದು ಗಂಟೆವರೆಗೂ ಕೆಲಸ ಇರುತ್ತದೆ. ಆಮೇಲೆ ಎಲ್ಲ ಶಾಂತ. ಎರಡೂವರೆಗೆ ಎಲ್ಲ ಪರದೆ ನೋಡಿ ಒಂದು ಗುಂಡಿ ಒತ್ತಬೇಕು, ಒತ್ತದಿದ್ದರೆ ಮೇಲಿನವರಿಗೆ ಗೊತ್ತಾಗುತ್ತದೆ. ಆ ಹೊತ್ತಿಗೆ ಕಣ್ಣು ಎಳೆಯುತ್ತದೆ. ಸಿಹಿ ಪಾನೀಯದ ಬಾಟಲಿ, ಕುರುಕಲು ಪೊಟ್ಟಣ ಹೊರಗೆ ಬರೋದು ಆಗ. 'ಹಸಿವಾಗಿ ತಿನ್ನೋದಲ್ಲ, ಕಣ್ಣು ಮುಚ್ಚಬಾರದು ಅಂತ ತಿನ್ನೋದು' ಅಂದರು. ಬೆಳಿಗ್ಗೆ ಆರಕ್ಕೆ ಪಾಳಿ ಮುಗಿಯುತ್ತದೆ. ಪ್ಲಾನಿನಲ್ಲಿ ಬೆಳಗಿನ ನಡಿಗೆ ಇದೆಯಲ್ಲ, ಹಾಗಾಗಿ ಮೊದಲ ವಾರಗಳಲ್ಲಿ ಮನೆಗೆ ಬಂದು ನಡೆಯೋಕೆ ಹೋದರು. ನಡೆದು ಬಂದು ಮಲಗುವ ಹೊತ್ತಿಗೆ ಮನೆ ಪೂರ್ತಿ ಎದ್ದಿರುತ್ತದೆ, ಬಿಸಿಲು, ಸದ್ದು, ಫೋನ್. ಮಧ್ಯಾಹ್ನದೊಳಗೆ ಎಚ್ಚರ.

ಕೈಪಟ್ಟಿಯ ದಾಖಲೆ ಪಕ್ಕಕ್ಕಿಟ್ಟು ನೋಡಿದಾಗ ಅದೇ ಕಂಡಿತು. ನಡಿಗೆ ತಪ್ಪದ ವಾರಗಳಲ್ಲಿ ನಿದ್ದೆ ದಿನಕ್ಕೆ ಐದು ಗಂಟೆಯೂ ದಾಟಿರಲಿಲ್ಲ. ಅಂದರೆ ಪ್ಲಾನು ಯಾವ ವಾರ ಸರಿಯಾಗಿ ನಡೆಯಿತೋ ಅದೇ ವಾರ ನಿದ್ದೆಗೆ ಕತ್ತರಿ ಬಿದ್ದಿತ್ತು. ನಿದ್ದೆ ಕಮ್ಮಿಯಾದಷ್ಟೂ ರಾತ್ರಿ ಎರಡೂವರೆಯ ತೂಕಡಿಕೆ ಜಾಸ್ತಿ, ತೂಕಡಿಕೆ ಜಾಸ್ತಿಯಾದಷ್ಟೂ ಪೊಟ್ಟಣ ಜಾಸ್ತಿ. ನಿದ್ದೆಗೂ ಸಕ್ಕರೆಗೂ ನೇರ ನಂಟೂ ಇದೆ. ಆರೋಗ್ಯವಂತ ಯುವಕರನ್ನು ಸತತ 6 ರಾತ್ರಿ ಬರೀ 4 ಗಂಟೆ ಮಲಗಿಸಿ ನೋಡಿದ, 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದೇಹ ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ಕುಗ್ಗಿದ್ದು ಕಂಡಿತ್ತು.

ಇನ್ನೊಂದು ಸಣ್ಣ ಸಂಗತಿ ಆಗಲೇ ಗೊತ್ತಾಯಿತು, ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಅತಿ ಉಪಯೋಗದ ಸಂಗತಿ ಅದೇ. ಆ್ಯಪ್‌ನ ದಿನ ಮಧ್ಯರಾತ್ರಿಗೆ ಮುಗಿಯುತ್ತದೆ. ಅವರ ದಿನ ಮುಗಿಯೋದು ಬೆಳಿಗ್ಗೆ. ಒಂದೇ ಪಾಳಿಯ ಊಟ ಎರಡು ತಾರೀಖಿಗೆ ಹಂಚಿಹೋಗುತ್ತಿತ್ತು. ರಾತ್ರಿ ಒಂಬತ್ತರ ಊಟ ಬುಧವಾರಕ್ಕೆ, ಎರಡೂವರೆಯ ಕುರುಕಲು ಗುರುವಾರಕ್ಕೆ. ಗುರುವಾರ ಸಂಜೆ ಅವರು ಎದ್ದು ಆ್ಯಪ್ ತೆರೆದರೆ, ಅವರ ಲೆಕ್ಕದಲ್ಲಿ ಇನ್ನೂ ಶುರುವಾಗದ ದಿನದಲ್ಲಿ ಆಗಲೇ ಅರ್ಧ ಕ್ಯಾಲೊರಿ ಮುಗಿದಿರುತ್ತಿತ್ತು. ರಜೆ ಇದ್ದು ಹಗಲಿನವರ ಹಾಗೆ ಬದುಕಿದ ದಿನ ಮಾತ್ರ ಹಸಿರು ಬಣ್ಣ. ಪಾಳಿಯ ದಿನ ಏನೇ ಮಾಡಿದರೂ ಕೆಂಪು. ಯಾರು ತಾನೇ ಬರೆಯುತ್ತಾರೆ?

ಅಷ್ಟು ಉದ್ದದ ಫಾರಂನಲ್ಲಿ ಕೆಲಸದ ಬಗ್ಗೆ ಇದ್ದದ್ದು ಒಂದೇ ಪ್ರಶ್ನೆ: ಕೂತು ಮಾಡುವುದೋ, ಓಡಾಡಿ ಮಾಡುವುದೋ. ಯಾವ ಹೊತ್ತಿಗೆ ಮಾಡುವುದು ಅಂತ ಕೇಳಿರಲೇ ಇಲ್ಲ. ಪಾಳಿಯ ವಿಷಯ ಕೋಚ್‌ಗೆ ಮಾತಿನಲ್ಲಿ ಗೊತ್ತಿತ್ತು, ಪ್ಲಾನು ತಯಾರಿಸುವ ಫಾರಂಗೆ ಗೊತ್ತಿರಲಿಲ್ಲ.

ಎರಡನೇ ಪ್ಲಾನು

ಇಲ್ಲಿಯವರೆಗೆ ಎಲ್ಲರೂ ಇದನ್ನು ಮನಸ್ಸಿನ ಸಮಸ್ಯೆ ಅಂದುಕೊಂಡಿದ್ದರು, ಹುರುಪು ಕಮ್ಮಿಯಾಗಿದೆ ಅಂತ. ಅಭ್ಯಾಸ ಬದಲಾವಣೆಯ ಸಂಶೋಧನೆಯಲ್ಲಿ 2011ರಿಂದ ಬಳಕೆಯಲ್ಲಿರುವ ಕಾಮ್-ಬಿ ಅನ್ನೋ ಚೌಕಟ್ಟು ಮೂರು ವಿಷಯ ಬೇರೆ ಬೇರೆ ನೋಡಿ ಅನ್ನುತ್ತದೆ: ಮಾಡೋಕೆ ಬರುತ್ತದಾ, ಮಾಡೋಕೆ ಅವಕಾಶ ಇದೆಯಾ, ಮಾಡೋ ಮನಸ್ಸಿದೆಯಾ. ಇವರಿಗೆ ಮನಸ್ಸಿತ್ತು. ನಿದ್ದೆಗೆಟ್ಟು ನಡೆಯುವಷ್ಟು ಮನಸ್ಸಿತ್ತು. ಅವಕಾಶ ಇರಲಿಲ್ಲ. ರಾತ್ರಿ ಎರಡೂವರೆಗೆ ತಿನ್ನಬೇಡಿ ಅಂದರೆ, ಅವರ ಪಾಲಿಗೆ ಅದು ಕೆಲಸದಲ್ಲಿ ನಿದ್ದೆ ಹೋಗಿ ಅಂದ ಹಾಗೆ.

ಹಾಗಾಗಿ ಮೊದಲು ತೆಗೆದುಹಾಕಿದ್ದು ಬೆಳಗಿನ ನಡಿಗೆಯನ್ನು. ಇದರ ಬಗ್ಗೆ ಜೋರು ಚರ್ಚೆ ಆಯಿತು, ಯಾಕೆಂದರೆ 150 ನಿಮಿಷ ಅನ್ನೋದು ಇಡೀ ಕಾರ್ಯಕ್ರಮದ ಬೆನ್ನೆಲುಬು. ಕೊನೆಗೆ ವೈದ್ಯರು ಒಪ್ಪಿದರು: ಮೊದಲು ನಿದ್ದೆ, ಆಮೇಲೆ ನಡಿಗೆ. ಮನೆಗೆ ಬಂದ ಕೂಡಲೇ ಕತ್ತಲೆ ಕೋಣೆ, ಫೋನ್ ಸೈಲೆಂಟ್, ಪಾಳಿ ಇರಲಿ ಇಲ್ಲದಿರಲಿ ಪ್ರತಿದಿನ ನಿದ್ದೆಗೆ ಮೀಸಲಾದ ಒಂದಷ್ಟು ಗಂಟೆ. ಮನೆಯವರನ್ನೂ ಒಂದು ಕರೆಯಲ್ಲಿ ಕೂರಿಸಿಕೊಂಡು ಮಾತಾಡಿದ್ದು ಇಲ್ಲಿ ತುಂಬಾ ಕೆಲಸಕ್ಕೆ ಬಂತು.

ಎರಡನೆಯದು ಎರಡೂವರೆ ಗಂಟೆ. ಆ ಗುಂಡಿ ಹೇಗೂ ಒತ್ತಲೇಬೇಕು. ಅದನ್ನೇ ಕೊಕ್ಕೆ ಮಾಡಿಕೊಂಡು ಒಂದು ವಾಕ್ಯ ಮಾಡಿದರು: 'ಗುಂಡಿ ಒತ್ತಿದ ಕೂಡಲೇ ಜೊತೆಯವರಿಗೆ ಪರದೆ ಒಪ್ಪಿಸಿ ಹತ್ತು ನಿಮಿಷ ಕಾರಿಡಾರಿನಲ್ಲಿ ನಡೆಯುತ್ತೇನೆ.' ಹೀಗಾದರೆ ಹೀಗೆ ಅಂತ ಮೊದಲೇ ಕಟ್ಟಿಕೊಳ್ಳುವ ಇಂಥ ಸಣ್ಣ ಸಂಕಲ್ಪಗಳ ಬಗ್ಗೆ 94 ಪ್ರಯೋಗಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆ 2006ರಲ್ಲಿ ಬಂದಿತ್ತು. ಬರೀ ಗುರಿ ಇಟ್ಟುಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ ಅಂತ ಅದರಲ್ಲಿ ಕಂಡಿತ್ತು. ಮುಖ್ಯ ಊಟ ಪಾಳಿಗೆ ಹೋಗುವ ಮುಂಚೆ, ರಾತ್ರಿ ಸಣ್ಣದೇನಾದರೂ ಸಾಕು. ಅದೇ ತಿಂಡಿ ಹಗಲು ತಿಂದರೆ ಏರುವುದಕ್ಕಿಂತ ರಾತ್ರಿ ತಿಂದರೆ ಶುಗರ್ ಹೆಚ್ಚು ಏರುತ್ತದೆ, ದೇಹದ ಗಡಿಯಾರ ಹಾಗಿದೆ. ಸಿಹಿ ಪಾನೀಯದ ಬದಲು ಸಕ್ಕರೆ ಇಲ್ಲದ್ದು. ಮೆಸೇಜ್ ಸಂಜೆ ಅವರು ಏಳುವ ಹೊತ್ತಿಗೆ. ಡೈರಿ ಹೋಯಿತು, ಅದರ ಬದಲು ಪಾಳಿ ಮುಗಿದಾಗ ಒಂದೇ ಪ್ರಶ್ನೆ: ಎರಡೂವರೆಗೆ ಕುರ್ಚಿಯಿಂದ ಎದ್ದಿರಾ, ಇಲ್ಲವಾ?

ಮೊದಲ ವಾರ ಅರ್ಧ ರಾತ್ರಿಗಳಲ್ಲಿ ಉತ್ತರ 'ಇಲ್ಲ'. ಜೊತೆಯವರು ರಜೆಯಲ್ಲಿದ್ದರೆ ಪರದೆ ಒಪ್ಪಿಸೋಕೆ ಯಾರೂ ಇರಲಿಲ್ಲ. ಅದಕ್ಕೆ ದಾರಿ ಅವರೇ ಕಂಡುಕೊಂಡರು. ಒಬ್ಬರೇ ಇದ್ದರೆ ಕುರ್ಚಿ ಪಕ್ಕಕ್ಕೆ ತಳ್ಳಿ ಪರದೆ ನೋಡುತ್ತಲೇ ನಿಂತಲ್ಲೇ ಹೆಜ್ಜೆ ಹಾಕೋದು. ಮೀಟಿಂಗ್‌ನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಲ್ಲಿಂದ ಫೋನಿನಲ್ಲಿ ಅವರ ದನಿಯೇ ಬದಲಾಯಿತು, ಪ್ಲಾನು ಅವರದಾಯಿತು.

ಏನಾಯಿತು

ನಿದ್ದೆ ಸರಾಸರಿ ಒಂದು ಗಂಟೆಗಿಂತ ಜಾಸ್ತಿ ಕೂಡಿತು. ನಿದ್ದೆ ನೆಲೆಗೆ ಬಂದ ಮೇಲೆ ಸಂಜೆಯ ನಡಿಗೆಯನ್ನು ಅವರಾಗಿಯೇ ಕೇಳಿ ಸೇರಿಸಿಕೊಂಡರು. ಆರು ತಿಂಗಳ ಹೊತ್ತಿಗೆ ತೂಕ 4% ಹತ್ತಿರ ಇಳಿದಿತ್ತು, ಎಚ್‌ಬಿಎ1ಸಿ 5.9. ಮೆಟ್‌ಫಾರ್ಮಿನ್ ನಿಯಮ ಬಳಸುವ ಪ್ರಮೇಯ ಬರಲಿಲ್ಲ.

7% ಅಲ್ಲ, 4%. ಆದರೂ ತಳ್ಳಿಹಾಕುವ ಹಾಗಿಲ್ಲ. ಡಿಪಿಪಿಯ ಮುಂದಿನ ವಿಶ್ಲೇಷಣೆಯಲ್ಲಿ ಇಳಿದ ಒಂದೊಂದು ಕಿಲೋಗೂ ಅಪಾಯ ಸುಮಾರು 16% ಕಡಿಮೆಯಾಗುವ ಲೆಕ್ಕ ಸಿಕ್ಕಿತ್ತು. ಹಾಗಂತ 6.2ರಿಂದ 5.9ಕ್ಕೆ ಬಂದದ್ದನ್ನು ಪೂರ್ತಿ ಪ್ಲಾನಿನ ಖಾತೆಗೆ ಹಾಕೋಕೂ ಆಗೋದಿಲ್ಲ. ಅಂಕಿ ಜಾಸ್ತಿ ಬಂದಾಗಲೇ ಜನ ಅಧ್ಯಯನಕ್ಕೆ ಸೇರೋದು, ಎರಡನೇ ಸಲ ನೋಡಿದರೆ ಏನೂ ಮಾಡದಿದ್ದರೂ ಚೂರು ಇಳಿದಿರುತ್ತದೆ. ಪರೀಕ್ಷೆಯಲ್ಲೇ ಅಷ್ಟಿಷ್ಟು ಏರುಪೇರು ಇದೆ. ಕಬ್ಬಿಣದ ಕೊರತೆ ಇದ್ದರೂ ಈ ಅಂಕಿ ಸುಮ್ಮನೆ ಮೇಲೆ ತೋರಿಸುತ್ತದೆ, ಅದನ್ನು ಶುರುವಿನಲ್ಲೇ ನೋಡಿಸಿದ್ದರು, ಕೊರತೆ ಇರಲಿಲ್ಲ. ಒಬ್ಬರ ಪ್ರಕರಣದಿಂದ ಕಾರಣ ಸಾಬೀತಾಗೋದಿಲ್ಲ.

ಆಮೇಲೆ ಅವರಿಗೆ ಹಗಲು ಪಾಳಿ ಸಿಕ್ಕಿತು. ಎಲ್ಲರೂ ಖುಷಿಪಟ್ಟರು, ಇನ್ನು ಸುಲಭ ಅಂತ. ಎರಡು ತಿಂಗಳಲ್ಲಿ ತೂಕ ಮತ್ತೆ ಏರತೊಡಗಿತು. ಯೋಚಿಸಿದರೆ ಆಶ್ಚರ್ಯ ಇಲ್ಲ. ಹಗಲಿನಲ್ಲಿ ಎರಡೂವರೆಯ ಗುಂಡಿ ಇಲ್ಲ. ನಡಿಗೆ ನೇತುಬಿದ್ದಿದ್ದು ಆ ಗುಂಡಿಗೆ, ಗುಂಡಿ ಹೋದ ಮೇಲೆ ನಡಿಗೆಯೂ ಹೋಯಿತು. ಆದರೆ ಈ ಸಲ ಮೂರನೇ ಪ್ಲಾನು ಕಟ್ಟಲು ತಿಂಗಳುಗಟ್ಟಲೆ ಬೇಕಾಗಲಿಲ್ಲ. ಹೊಸ ದಿನಚರಿಯಲ್ಲಿ ಏನೇ ಆದರೂ ತಪ್ಪದೆ ನಡೆಯುವುದು ಯಾವುದು ಅಂತ ಅವರೇ ಹುಡುಕಿ ತಂದರು. ಏರಿದ್ದ ತೂಕ ಅಲ್ಲಿಗೆ ನಿಂತಿತು, ಸ್ವಲ್ಪ ಇಳಿಯಿತು ಕೂಡ.

ಇದರಿಂದ ನಮ್ಮಲ್ಲಿ ಬದಲಾದದ್ದು

ವೈಯಕ್ತಿಕ ಅಂದರೆ ಒಬ್ಬರ ಬಗ್ಗೆ ಹೆಚ್ಚು ಮಾಹಿತಿ ಅಂತ ಅಂದುಕೊಳ್ಳುತ್ತೇವೆ. ಇಲ್ಲಿ ಮಾಹಿತಿ ರಾಶಿ ಇತ್ತು, ಕೈಪಟ್ಟಿ ನಿಮಿಷ ನಿಮಿಷದ ಲೆಕ್ಕ ಕೊಡುತ್ತಿತ್ತು. ಕೆಲಸಕ್ಕೆ ಬಂದದ್ದು ದಿನದ ಯಾವ ಗಂಟೆಯಲ್ಲಿ ಪ್ಲಾನು ಮುರಿಯುತ್ತದೆ, ಆ ಗಂಟೆಯಲ್ಲಿ ಆ ತಿಂಡಿ ಅವರಿಗೆ ಏನು ಮಾಡಿಕೊಡುತ್ತಿದೆ ಅನ್ನೋ ಎರಡು ವಿಷಯ. ಈಗ ಫಾರಂನಲ್ಲಿ ಮೊದಲ ಪ್ರಶ್ನೆ 'ನಿಮ್ಮ ದಿನ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ' ಅನ್ನೋದು. ಆ್ಯಪ್‌ನಲ್ಲಿ ದಿನ ಯಾವಾಗ ಮುಗಿಯಬೇಕು ಅಂತ ಅವರವರೇ ಗುರುತು ಮಾಡಿಕೊಳ್ಳಬಹುದು. ಪ್ಲಾನಿಗೆ ಏನಾದರೂ ಸೇರಿಸುವ ಮುಂಚೆ ಏನು ತೆಗೆಯಬಹುದು ಅಂತ ಕೋಚ್ ಬರೆಯಲೇಬೇಕು. ಪಾಳಿ, ಮನೆ, ಕೆಲಸ ಬದಲಾದರೆ ತೂಕ ಏರುವವರೆಗೆ ಕಾಯದೆ ಆ ವಾರವೇ ಒಂದು ಕರೆ ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ತಂಡದಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಕತ್ತಲೆ ಕೋಣೆ, ಕಾರಿಡಾರಿನ ನಡಿಗೆ ಎಲ್ಲ ಸರಿ, ಆದರೆ ಮೂಲದಲ್ಲಿರೋದು ಕೊನೆಯಿಲ್ಲದ ರಾತ್ರಿ ಪಾಳಿ. ಪಾಳಿ ಕೆಲಸಕ್ಕೂ ಸಕ್ಕರೆ ಕಾಯಿಲೆಗೂ ನಂಟಿದೆ ಅಂತ ಎಷ್ಟೋ ಅಧ್ಯಯನಗಳು ಹೇಳಿವೆ. ಅದನ್ನು ಹಾಗೇ ಬಿಟ್ಟು ಒಬ್ಬರ ಅಭ್ಯಾಸ ಮಾತ್ರ ತಿದ್ದುತ್ತಾ ಕೂರುವುದು ಎಷ್ಟು ಸರಿ ಅಂತ ವೈದ್ಯರು ಕೇಳುತ್ತಾರೆ. ಪಾಳಿ ಬದಲಾಗುವವರೆಗೆ ಆ ಮನುಷ್ಯರನ್ನು ಸುಮ್ನೆ ಬಿಡೋಕಾಗುತ್ತದಾ ಅಂತ ಆಹಾರತಜ್ಞೆ ಕೇಳುತ್ತಾರೆ. ನನಗೆ ವೈದ್ಯರ ಮಾತು ಹೆಚ್ಚು ಸರಿ ಅನ್ನಿಸುತ್ತದೆ, ಆದರೆ ಕೆಲಸ ಮಾಡುವುದು ಆಹಾರತಜ್ಞೆ ಹೇಳಿದ ಹಾಗೆಯೇ.

ಇನ್ನು ಮುಂದಿನದು. ಚೀನಾದ ದಾಚಿಂಗ್ ಎಂಬಲ್ಲಿ 1986ರಲ್ಲಿ 577 ಜನರೊಂದಿಗೆ ಶುರುವಾದ ಅಧ್ಯಯನದಲ್ಲಿ ಸಲಹೆ ಕೊಟ್ಟಿದ್ದು 6 ವರ್ಷ. ಜನರನ್ನು 30 ವರ್ಷ ಹಿಂಬಾಲಿಸಿ ನೋಡಿದಾಗ ಕಾಯಿಲೆ ಬರುವುದು ಸುಮಾರು 4 ವರ್ಷ ತಡವಾಗಿತ್ತು, ಹೃದಯದ ತೊಂದರೆಗಳೂ ಸಾವುಗಳೂ ಕಡಿಮೆಯಾಗಿದ್ದವು. ನಮ್ಮ ಅಧ್ಯಯನ ಅಷ್ಟು ಉದ್ದದ್ದಲ್ಲ. ಅದು ಮುಗಿದ ಮೇಲೆ ವಾರದ ಕರೆ ಇರೋದಿಲ್ಲ, ಅವರ ಮಾಮೂಲಿ ವೈದ್ಯರಿಗೆ ಒಂದು ಪುಟದ ಟಿಪ್ಪಣಿ ಹೋಗುತ್ತದೆ. ಆ ಪುಟದಲ್ಲಿ ಅಂಕಿಗಳ ಕೆಳಗೆ, ಪಾಳಿ ಬದಲಾದಾಗಲೆಲ್ಲ ಮೂರು ತಿಂಗಳಿಗೆ ಸರಿಯಾಗಿ ಒಂದು ರಕ್ತಪರೀಕ್ಷೆ ಮಾಡಿಸಿ ಅಂತ ಅವರೇ ಕೇಳಿ ಬರೆಸಿಕೊಂಡಿದ್ದಾರೆ.